ರೂಪಾಯಿಯ ಪಕ್ಕದಲ್ಲಿ ಕಿಲೋ ಬರೆದಾಗ: ನಮ್ಮ ಮನೆಯ ಎರಡು ವರ್ಷದ ಲೆಕ್ಕ

ಹಗಲೆಲ್ಲ ಸಹಕಾರ ಸಂಘವೊಂದರ ಜಮಾ-ಖರ್ಚು ಬರೆಯುವ ನಾನು, ನನ್ನ ಮನೆಯ ಖರ್ಚನ್ನು ಒಂದು ಸಾಲೂ ಬರೆದಿಡದೆ ಹದಿನೆಂಟು ವರ್ಷ ಸಂಸಾರ ಮಾಡಿದ್ದೆ. 2023ರ ಮಾರ್ಚ್‌ನಲ್ಲಿ ಆರೋಗ್ಯ ವಿಮೆಯ ಕಂತೂ ಸ್ಕೂಟರಿನ ವಿಮೆಯೂ ಒಂದೇ ವಾರ ಎದುರಾಗಿ, ತಿಂಗಳ ಕೊನೆಗೆ ಅಕ್ಕನ ಬಳಿ ಕೈಸಾಲ ಮಾಡಬೇಕಾಯಿತು. ಎರಡೂ ಕಂತುಗಳು ಪ್ರತಿ ವರ್ಷ ಅದೇ ತಿಂಗಳಿಗೆ ಬರುತ್ತವೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಆದರೆ ಖರ್ಚನ್ನು ತಿಂಗಳಿನ ಅಳತೆಯಲ್ಲೇ ಯೋಚಿಸುವವರಿಗೆ ವರ್ಷಕ್ಕೊಮ್ಮೆ ಬರುವ ಖರ್ಚು ಯಾವಾಗಲೂ ಅನಿರೀಕ್ಷಿತವೇ. ಏಪ್ರಿಲ್ 1ರಿಂದ ಉದ್ದನೆಯ ರೂಲು ಪುಸ್ತಕವೊಂದರಲ್ಲಿ ಬರೆಯಲು ಶುರುಮಾಡಿದೆ.

ಮೈಸೂರಿನಲ್ಲಿ ಸ್ವಂತ ಮನೆಯಿರುವುದರಿಂದ ನಮಗೆ ಬಾಡಿಗೆಯ ಹೊರೆಯಿಲ್ಲ. ಮನೆಯಲ್ಲಿ ನಾವು ದಂಪತಿಗಳು, ಅತ್ತೆಯವರು ಮತ್ತು ಆಗಷ್ಟೇ ಪಿಯುಸಿಗೆ ಸೇರಿದ್ದ ಮಗಳು, ಒಟ್ಟು ನಾಲ್ವರು. ಮಗಳ ಶುಲ್ಕ, ಮದುವೆ-ಮುಂಜಿಯ ಉಡುಗೊರೆ ಮತ್ತು ಒಡವೆಯನ್ನು ಬೇರೆ ಪುಟಕ್ಕೆ ಸರಿಸಿ, ಊಟ, ಇಂಧನ, ವಿದ್ಯುತ್, ನೀರು, ಓಡಾಟ, ಔಷಧಿ, ಫೋನು, ತೆರಿಗೆ ಮತ್ತು ವಿಮೆ ಇಷ್ಟನ್ನೇ ಮೂಲ ಖರ್ಚೆಂದು ಇಟ್ಟುಕೊಂಡೆ. ಮೊದಲ ವರ್ಷ ಏನನ್ನೂ ಕಡಿಮೆ ಮಾಡಬಾರದು, ನಡೆದದ್ದನ್ನು ನಡೆದಂತೆಯೇ ಬರೆಯಬೇಕು ಎಂದು ನಿಶ್ಚಯಿಸಿದ್ದೆ. 2024ರ ಮಾರ್ಚ್ 31ಕ್ಕೆ ಕೂಡಿಸಿದಾಗ ಮೊತ್ತ 2,84,600 ರೂಪಾಯಿ ಬಂತು. ನಮ್ಮ ಯಜಮಾನರು ‘ಎರಡು ಲಕ್ಷ ಇರಬಹುದು’ ಎಂದಿದ್ದರು. ನಾನು ಅದಕ್ಕಿಂತಲೂ ಕಡಿಮೆ ಹೇಳಿದ್ದೆ.

ಎರಡನೇ ವರ್ಷ ಕಡಿತ ಆರಂಭಿಸಿ, ಅಕ್ಟೋಬರ್‌ನಲ್ಲಿ ಕುಳಿತು ಎರಡೂ ವರ್ಷಗಳ ಮೊದಲ ಆರು ತಿಂಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಅಡುಗೆ ಅನಿಲದ ಸಾಲಿನಲ್ಲಿ ಹಿಂದಿನ ವರ್ಷ ಸುಮಾರು 4,200 ರೂಪಾಯಿ ಇದ್ದದ್ದು ಈ ಬಾರಿ 4,000ದ ಆಸುಪಾಸಿಗೆ ಇಳಿದಿತ್ತು. ಇಳಿದದ್ದು ನೋಡಿ ಸಮಾಧಾನವಾಗಿ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ, ಪುಟದ ಅಂಚಿನಲ್ಲಿ ಸಿಲಿಂಡರ್ ಬಂದ ದಿನಾಂಕಗಳ ಪಕ್ಕದ ಗುರುತುಗಳು ಕಣ್ಣಿಗೆ ಬಿದ್ದವು. ಎಣಿಸಿದೆ. ಮೊದಲ ವರ್ಷ ನಾಲ್ಕು, ಈ ವರ್ಷ ಐದು. 2023ರ ಆಗಸ್ಟ್ ಕೊನೆಯಲ್ಲಿ 200 ರೂಪಾಯಿ, 2024ರ ಮಾರ್ಚ್‌ನಲ್ಲಿ ಮತ್ತೆ 100 ರೂಪಾಯಿ ಸಿಲಿಂಡರ್ ದರ ಇಳಿದಿದ್ದರಿಂದ ಹಣ ಕಡಿಮೆಯಾಗಿತ್ತೇ ಹೊರತು ನಮ್ಮ ಒಲೆ ಹೆಚ್ಚೇ ಉರಿದಿತ್ತು. ಸಂಘದ ದಾಸ್ತಾನು ಪುಸ್ತಕದಲ್ಲಿ ಮೊತ್ತದ ಪಕ್ಕ ಪ್ರಮಾಣ ಬರೆಯದಿದ್ದರೆ ಲೆಕ್ಕಪರಿಶೋಧಕರು ಪುಸ್ತಕವನ್ನು ವಾಪಸು ಎಸೆಯುತ್ತಾರೆ. ಮನೆಯ ಪುಸ್ತಕದಲ್ಲಿ ನಾನು ಮೊತ್ತವನ್ನಷ್ಟೇ ಕೂಡಿಸುತ್ತಾ ಬಂದಿದ್ದೆ. ಅಂದಿನಿಂದ ಪ್ರತಿ ಪದಾರ್ಥಕ್ಕೂ ಎರಡು ಅಂಕಣ ಮಾಡಿದೆ: ಎಷ್ಟು ತಂದೆವು, ಎಷ್ಟು ಕೊಟ್ಟೆವು. ದರ ನಮ್ಮ ಕೈಯಲ್ಲಿಲ್ಲ, ಪ್ರಮಾಣ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಎರಡನ್ನೂ ಬೆರೆಸಿದ ಮೊತ್ತ ನೋಡಿ ನಾವು ಉಳಿಸಿದೆವೋ ಪೇಟೆ ಉಳಿಸಿತೋ ತಿಳಿಯುವುದಿಲ್ಲ.

ಆ ಐದನೆಯ ಸಿಲಿಂಡರ್ ಎಲ್ಲಿಂದ ಬಂತು ಎಂದು ಹುಡುಕಿದಾಗ ಸಿಕ್ಕ ಉತ್ತರಕ್ಕೆ ನನಗೇ ನಗು ಬಂತು. ಗೃಹಜ್ಯೋತಿ ಯೋಜನೆಯಲ್ಲಿ 2022-23ರ ನಮ್ಮ ಸರಾಸರಿ ಬಳಕೆಯಾದ 142 ಯೂನಿಟ್‌ಗೆ ಶೇ. 10 ಸೇರಿ ತಿಂಗಳಿಗೆ 156 ಯೂನಿಟ್ ಉಚಿತವೆಂದು ನಿಗದಿಯಾಗಿತ್ತು. ಅದನ್ನು ದಾಟಿದರೂ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗಷ್ಟೇ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. 2023ರ ಡಿಸೆಂಬರ್‌ನಲ್ಲಿ ನೆಂಟರು ಬಂದು ಹತ್ತು ದಿನ ಇದ್ದು, ಗೀಸರ್ ಬೆಳಗಿನಿಂದ ಹನ್ನೊಂದರವರೆಗೆ ಉರಿದು, ಮೀಟರು 207 ತೋರಿಸಿತು. ಆ ಏಳು ಯೂನಿಟ್‌ಗಾಗಿ ಸಾವಿರದ ಐನೂರು ರೂಪಾಯಿ ಮೀರಿದ ಬಿಲ್ಲು ಕೈಗೆ ಬಂತು. ಅದರ ಬಿಸಿಯಲ್ಲಿ ನಾನು ಗೀಸರ್ ಸ್ವಿಚ್ಚಿನ ಮೇಲೆ ‘ಕಡಿಮೆ ಬಳಸಿ’ ಎಂದು ಚೀಟಿ ಅಂಟಿಸಿದ್ದೆ. ಸೊಸೆ ಬರೆದದ್ದನ್ನು ಅತ್ತೆಯವರು ಮನಸ್ಸಿಗೆ ಹಚ್ಚಿಕೊಂಡು, ಅಂದಿನಿಂದ ದಿನವೂ ತಮ್ಮ ಸ್ನಾನದ ನೀರನ್ನು ದೊಡ್ಡ ಪಾತ್ರೆಯಲ್ಲಿ ಗ್ಯಾಸ್ ಒಲೆಯ ಮೇಲೆ ಕಾಯಿಸಿಕೊಳ್ಳುತ್ತಿದ್ದರು. ಇತ್ತ ನಮ್ಮ ವಿದ್ಯುತ್ ಬಳಕೆ 120ಕ್ಕೆ ಇಳಿದು, ತಿಂಗಳಿಗೆ 36 ಉಚಿತ ಯೂನಿಟ್ ಬಳಸದೆ ಉಳಿಯುತ್ತಿದ್ದವು. ಅಂದರೆ ಪುಕ್ಕಟೆಯಾಗಿ ಸಿಗುವುದನ್ನು ಬಿಟ್ಟು ಹಣ ಕೊಟ್ಟು ತಂದದ್ದನ್ನು ಉರಿಸುತ್ತಿದ್ದೆವು.

ಚೀಟಿಯನ್ನು ಕಿತ್ತೆ. ‘ಅತ್ತೆ, ನೀವು ಗೀಸರ್ ನೀರಲ್ಲೇ ಸ್ನಾನ ಮಾಡಿ, ಲೆಕ್ಕ ನಾನು ನೋಡಿಕೊಳ್ಳುತ್ತೇನೆ’ ಎಂದು ಹೇಳಿದಾಗ ಅವರು, ‘ಬರೆದವಳೂ ನೀನೇ, ಅಳಿಸುವವಳೂ ನೀನೇ’ ಎಂದರು. 2 ಕಿಲೋವ್ಯಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಬೆಳಗ್ಗೆ ಆರಕ್ಕೆ ಹಾಕಿ, ನಾಲ್ವರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿದರೆ ದಿನಕ್ಕೆ ಒಂದೂವರೆ ಯೂನಿಟ್‌ನಲ್ಲಿ ಕೆಲಸ ಆಗುತ್ತದೆ. ಪ್ರತಿ ಭಾನುವಾರ ಮೀಟರ್ ಓದಿ ಕ್ಯಾಲೆಂಡರಿನ ಮೇಲೆ ಬರೆಯುವುದನ್ನು ಮಗಳಿಗೆ ಒಪ್ಪಿಸಿದೆ. ವಾರಕ್ಕೆ 36 ಯೂನಿಟ್‌ವರೆಗೆ ಚಿಂತೆಯಿಲ್ಲ, 45 ದಾಟಿದರೆ ಎಚ್ಚರ. ಆ ಮೇಲೆ ಒಮ್ಮೆಯೂ ಪೂರ್ತಿ ಬಿಲ್ಲು ಬರಲಿಲ್ಲ, ಒಂದು ಸಿಲಿಂಡರೂ ಮೊದಲಿನಂತೆ ನಲವತ್ತೈದು ದಿನ ಬರತೊಡಗಿತು.

ಹಾಲಿನ ವಿಷಯದಲ್ಲಿಯೂ ಪ್ರಮಾಣದ ಅಂಕಣವೇ ಕಣ್ಣು ತೆರೆಸಿತು. 2024ರ ಜೂನ್‌ನಲ್ಲಿ ನಂದಿನಿಯ ಅರ್ಧ ಲೀಟರ್ ನೀಲಿ ಪ್ಯಾಕೆಟ್ 550 ಮಿಲಿಲೀಟರ್ ಆಗಿ, ದರ 22ರಿಂದ 24 ರೂಪಾಯಿಗೆ ಹೋಯಿತು. ಲೀಟರಿನ ಲೆಕ್ಕದಲ್ಲಿ ಅದು ಏರಿಕೆಯೇ ಅಲ್ಲ. ಆದರೆ ನಾವು ಲೀಟರ್ ಎಣಿಸಿ ಹಾಲು ಕೊಳ್ಳುವವರಲ್ಲ, ಪ್ಯಾಕೆಟ್ ಎಣಿಸಿ ಕೊಳ್ಳುವವರು. ದಿನಕ್ಕೆ ಮೂರು ಪ್ಯಾಕೆಟ್ ಎಂದರೆ ಆರು ರೂಪಾಯಿ ಹೆಚ್ಚು, ವರ್ಷಕ್ಕೆ 2,190 ರೂಪಾಯಿ. ಅದಕ್ಕೆ ಪ್ರತಿಯಾಗಿ ದಿನವೂ ಬಂದ 150 ಮಿಲಿಲೀಟರ್ ಹೆಚ್ಚುವರಿ ಹಾಲು ಎಲ್ಲಿ ಹೋಯಿತೆಂದು ನೋಡಿದರೆ, ರಾತ್ರಿ ಪಾತ್ರೆಯ ತಳದಲ್ಲಿ ಉಳಿದು ಬೆಳಗ್ಗೆ ಒಡೆಯುತ್ತಿತ್ತು. ಅದಕ್ಕೆ ಹೆಪ್ಪು ಹಾಕಲಾರಂಭಿಸಿ ಮೊಸರಿನ ಪ್ಯಾಕೆಟ್ ನಿಲ್ಲಿಸಿದೆವು. 2025ರ ಏಪ್ರಿಲ್‌ನಲ್ಲಿ ಆ ಹೆಚ್ಚುವರಿ 50 ಮಿಲಿಲೀಟರನ್ನು ಹಿಂತೆಗೆದುಕೊಂಡು ಲೀಟರಿಗೆ 4 ರೂಪಾಯಿ ಏರಿಸಿದಾಗ ಈ ಲೆಕ್ಕವನ್ನು ಮತ್ತೆ ಹೊಸದಾಗಿ ಮಾಡಬೇಕಾಯಿತು.

ಅತಿ ದೊಡ್ಡ ಉಳಿತಾಯ ಬಂದದ್ದು ಅಡುಗೆಮನೆಯಿಂದಲ್ಲ, ಔಷಧಿಯಿಂದ. ಅತ್ತೆಯವರ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ತಿಂಗಳಿಗೆ 1,350 ರೂಪಾಯಿ ಆಗುತ್ತಿತ್ತು. ವೈದ್ಯರನ್ನು ಕೇಳಿ, ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರನ್ನು ಬರೆಸಿಕೊಂಡು ಜನೌಷಧಿ ಕೇಂದ್ರಕ್ಕೆ ಹೋದಾಗ ಅದೇ ಪ್ರಮಾಣದ ಮಾತ್ರೆಗಳು 430 ರೂಪಾಯಿಗೆ ಸಿಕ್ಕವು. ಮೊದಲ ಎರಡು ತಿಂಗಳು ಮನೆಯಲ್ಲೇ ಒತ್ತಡವನ್ನೂ ಸಕ್ಕರೆಯನ್ನೂ ಅಳೆದು ವೈದ್ಯರಿಗೆ ತೋರಿಸಿದ ಮೇಲಷ್ಟೇ ನಮಗೆ ಧೈರ್ಯ ಬಂತು. ಒಂದು ಮಾತ್ರೆ ಆ ಕೇಂದ್ರದಲ್ಲಿ ಕೆಲವೊಮ್ಮೆ ಇರುವುದಿಲ್ಲವಾದ್ದರಿಂದ, ತಿಂಗಳು ಮುಗಿಯಲು ಹತ್ತು ದಿನ ಇರುವಾಗಲೇ ಹೋಗುತ್ತೇವೆ.

ಫೋನಿನದು ಸಣ್ಣ ಮೊತ್ತ, ಆದರೆ ಮೋಸಹೋಗುವ ರೀತಿ ಸೊಗಸಾಗಿದೆ. 28 ದಿನದ ರೀಚಾರ್ಜನ್ನು ನಾವೆಲ್ಲ ‘ತಿಂಗಳ ರೀಚಾರ್ಜ್’ ಎನ್ನುತ್ತೇವೆ. ವರ್ಷಕ್ಕೆ ಅದು ಹದಿಮೂರು ಸಲ ಬರುತ್ತದೆ. ಅತ್ತೆಯವರ ಕೀಪ್ಯಾಡ್ ಫೋನಿಗೆ ಇಂಟರ್‌ನೆಟ್ ಬೇಕಿಲ್ಲ. 2025ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಆದೇಶದಂತೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರವಿರುವ ಯೋಜನೆಗಳು ಬಂದ ಕೂಡಲೇ ಅವರ ಫೋನನ್ನು ಅದಕ್ಕೆ ಬದಲಿಸಿದೆವು. ಶಕ್ತಿ ಯೋಜನೆ 2023ರ ಜೂನ್ 11ರಿಂದಲೇ ಇದ್ದರೂ ನಾನು ಸ್ಕೂಟರು ಬಿಟ್ಟು ಸಿಟಿ ಬಸ್ಸು ಹತ್ತಿದ್ದು ಮರುವರ್ಷ. ವಾರಕ್ಕೆ ನಾಲ್ಕು ದಿನ ಬಸ್ಸು, ಎರಡು ದಿನ ಸ್ಕೂಟರು. ಅದರಿಂದ ವರ್ಷಕ್ಕೆ ಸುಮಾರು 6,500 ರೂಪಾಯಿಯ ಪೆಟ್ರೋಲ್ ಉಳಿಯಿತು, ದಿನಕ್ಕೆ ನಲವತ್ತು ನಿಮಿಷ ಹೋಯಿತು. ಮನೆ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿ ಶೇ. 5ರ ರಿಯಾಯಿತಿ ಪಡೆಯುತ್ತೇವೆ. ವಿಮೆ ಮತ್ತು ಕಂದಾಯದ ಒಟ್ಟು ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಪ್ರತಿ ತಿಂಗಳು ಹಾಕುತ್ತಿರುವುದರಿಂದ, ಮಾರ್ಚ್ ತಿಂಗಳಲ್ಲಿ ಅಕ್ಕನಿಗೆ ಫೋನು ಮಾಡುವ ಪ್ರಸಂಗ ಮತ್ತೆ ಬಂದಿಲ್ಲ.

ದಿನಸಿಯಲ್ಲಿ ನಾನು ಕೈಸುಟ್ಟುಕೊಂಡೆ. ಸಗಟಿನಲ್ಲಿ ಅಗ್ಗವೆಂದು ಒಂದು ಕ್ವಿಂಟಲ್ ಸೋನಾ ಮಸೂರಿ ಅಕ್ಕಿಯನ್ನು ಒಟ್ಟಿಗೆ ತಂದೆ. ಅತ್ತೆಯವರು ಚೀಲಕ್ಕೆ ಕೈಹಾಕಿ ಹಿಡಿಯಷ್ಟು ತೆಗೆದು, ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ ‘ಇದು ಒಣಗಿಲ್ಲ’ ಎಂದಿದ್ದರು. ನಾನು ಕೇಳಲಿಲ್ಲ. ಮಳೆಗಾಲ ಹಿಡಿದ ಮೇಲೆ ಚೀಲದ ಹೊಲಿಗೆಯಗುಂಟ ಕಪ್ಪು ಹುಳುಗಳು ಸಾಲುಗಟ್ಟಿದ್ದವು. ಮೂವತ್ತು ಕಿಲೋದಷ್ಟು ಅಕ್ಕಿಯನ್ನು ಜರಡಿ ಹಿಡಿದು, ಬಿಸಿಲಿಗೆ ಹಾಕಿ, ಕೊನೆಗೆ ದೋಸೆಗೆ ಮುಗಿಸಿದೆವು. ಈಗ ಅಕ್ಕಿಯನ್ನು 25 ಕಿಲೋ ಮೀರಿ ತರುವುದಿಲ್ಲ. ಸುಗ್ಗಿಯಲ್ಲಿ ಒಟ್ಟಿಗೆ ಕೊಳ್ಳಲು ಯೋಗ್ಯವಾದವು ರಾಗಿ, ಹುಣಸೆಹಣ್ಣು ಮತ್ತು ಒಣಮೆಣಸಿನಕಾಯಿ. ರಾಗಿಗೆ ಹುಳು ಹತ್ತುವುದು ಅಪರೂಪ. ಹುಣಸೆಹಣ್ಣನ್ನು ಶಿವರಾತ್ರಿಯ ಹೊತ್ತಿಗೆ ಕೊಂಡು, ಬೀಜ ಮತ್ತು ನಾರು ತೆಗೆದು, ಉಪ್ಪು ಬೆರೆಸಿ ಜಾಡಿಗೆ ಒತ್ತಿ ತುಂಬಿದರೆ ವರ್ಷವೆಲ್ಲ ಕೆಡುವುದಿಲ್ಲ. ತೊಗರಿಬೇಳೆಯ ದರ ಏರಿದ್ದಾಗ ತಿಂಗಳಿಗೆ ಮೂರು ಕಿಲೋ ತರುತ್ತಿದ್ದುದನ್ನು ಎರಡಕ್ಕೆ ಇಳಿಸಿ ಹುರುಳಿ, ಹೆಸರುಕಾಳು ಮತ್ತು ಕಾಲ ಬಂದಾಗ ಅವರೆಕಾಳಿನ ಸಾರು ಮಾಡಿದೆವು. ಮಾರ್ಟ್‌ನ ‘ಒಂದು ಕೊಂಡರೆ ಒಂದು ಉಚಿತ’ದ ಆಸೆಗೆ ವರ್ಷದಲ್ಲಿ ತಂದ ಬಿಸ್ಕತ್ತು, ನೂಡಲ್ಸ್, ಶಾಂಪೂಗಳ ಪಟ್ಟಿ ಮಾಡಿದ ಮೇಲೆ ಅಲ್ಲಿಗೆ ಹೋಗುವುದು ಎರಡು ತಿಂಗಳಿಗೊಮ್ಮೆಯಾಗಿದೆ.

ಕಾಫಿಪುಡಿಯನ್ನು ಮುಟ್ಟಲಿಲ್ಲ. ಎರಡನೇ ವರ್ಷ ಅದರ ದರ ಸಿಕ್ಕಾಪಟ್ಟೆ ಏರಿತು. ಚಿಕೋರಿ ಹೆಚ್ಚು ಹಾಕಿಸೋಣವೇ ಎಂದಾಗ ಮನೆಯಲ್ಲಿ ಎದ್ದ ಪ್ರತಿಭಟನೆಗೆ ಮಣಿದು ಪ್ರಮಾಣವನ್ನೂ ಮಿಶ್ರಣವನ್ನೂ ಹಾಗೆಯೇ ಬಿಟ್ಟೆ.

2025ರ ಮಾರ್ಚ್ 31ಕ್ಕೆ ಮೊತ್ತ 2,51,300 ರೂಪಾಯಿಗೆ ನಿಂತಿತು, ಅಂದರೆ ಹಿಂದಿನ ವರ್ಷಕ್ಕಿಂತ 33,300 ರೂಪಾಯಿ ಕಡಿಮೆ. ಮೂರನೆಯ ಪುಸ್ತಕ ಶುರುವಾಗಿ ನಾಲ್ಕೇ ತಿಂಗಳಿಗೆ ಮಗಳು ಎಂಜಿನಿಯರಿಂಗ್ ಓದಲು ಹಾಸ್ಟೆಲಿಗೆ ಹೊರಟಳು. ಮೂವರ ಮನೆಯನ್ನು ನಾಲ್ವರ ಮನೆಯೊಂದಿಗೆ ಹೋಲಿಸುವಂತಿಲ್ಲವಾದ್ದರಿಂದ, ಪ್ರತಿ ತಿಂಗಳ ಪುಟದ ನೆತ್ತಿಯ ಮೇಲೆ ಈಗ ಆ ತಿಂಗಳು ಮನೆಯಲ್ಲಿ ಊಟ ಮಾಡಿದವರ ಸಂಖ್ಯೆಯನ್ನು ದಿನದ ಲೆಕ್ಕದಲ್ಲಿ, ನೆಂಟರನ್ನೂ ಸೇರಿಸಿ ಬರೆಯುತ್ತಿದ್ದೇನೆ. ಮೀಟರು ಓದುವ ಕೆಲಸ ಅತ್ತೆಯವರ ಪಾಲಿಗೆ ಬಂದಿದೆ. ಅವರು ಭಾನುವಾರದವರೆಗೆ ಕಾಯುವುದಿಲ್ಲ, ದಿನವೂ ಓದುತ್ತಾರೆ.