ಹಸಿರು ರಟ್ಟಿನ ವಹಿ

ಘಾನಾದ ರಾಜಧಾನಿ ಅಕ್ರಾದಲ್ಲಿದ್ದ ಲೆಬನಾನಿ ಕುಟುಂಬವೊಂದರ ವ್ಯಾಪಾರಕ್ಕೆ ಲೆಕ್ಕ ಬರೆಯಲು ನಾನು ಉಡುಪಿಯಿಂದ ಹೋದದ್ದು 2016ರಲ್ಲಿ. ಮಕೋಲಾ ಮಾರುಕಟ್ಟೆಯ ಬಳಿ ಬಕೆಟ್, ಬೇಸಿನ್, ಕೊಡಗಳ ಸಗಟು ಅಂಗಡಿ. ಹತ್ತಿರದ ಬಂದರು ನಗರ ಟೇಮಾದಲ್ಲಿ ಅವನ್ನೇ ತಯಾರಿಸುವ ಕಾರ್ಖಾನೆ.

ಹಿರಿಯ ಮಾಲೀಕರನ್ನು ಎಲ್ಲರೂ ಹಾಜ್ (ಹಜ್ ಯಾತ್ರೆ ಮಾಡಿದವರು) ಎನ್ನುತ್ತಿದ್ದರು. ಮೊದಲ ದಿನವೇ ಏಲಕ್ಕಿ ಕಾಫಿ ಕೊಟ್ಟು, ಹಸಿರು ರಟ್ಟಿನ ವಹಿಯೊಂದನ್ನು ನನ್ನತ್ತ ಸರಿಸಿದರು. ಒಂದೇ ಪುಟದಲ್ಲಿ ಬಕೆಟ್ ಮಾಡಲು ಬೇಕಾದ ಕಚ್ಚಾ ಪ್ಲಾಸ್ಟಿಕ್ ಕಾಳಿನ ಕಂಟೇನರಿಗೆ ಕಟ್ಟಿದ ಸುಂಕ, ಲೆಬನಾನಿನ ಟೈರ್ ಪಟ್ಟಣದ ಹತ್ತಿರದ ಹಳ್ಳಿಯಲ್ಲಿದ್ದ ತಂಗಿಯ ಮಗಳ ಕಾಲೇಜು ಶುಲ್ಕ, ಅಲ್ಲೇ ಕಟ್ಟಿಸುತ್ತಿದ್ದ ಮನೆಯ ಕಲ್ಲಿನ ಖರ್ಚು! ಲಾಭವೆಷ್ಟು ಎಂದು ಕೇಳಿದರೆ ಹೇಳುವವರಿಲ್ಲ.

ಮೂರು ವಹಿ ಮಾಡಿದೆ: ಅಂಗಡಿಯದು, ಕಾರ್ಖಾನೆಯದು, ಮನೆಯದು. ಅಣ್ಣತಮ್ಮಂದಿರು ನಾಲ್ವರಿಗೂ ತಿಂಗಳ ಸಂಬಳ ಗೊತ್ತುಮಾಡಿ, ಊರಿಗೆ ಕಳುಹಿಸುವ ಹಣವನ್ನು ಮನೆಯ ವಹಿಗೇ ಬರೆದೆ. "ಉಸ್ತಾಜ್ (ಮೇಷ್ಟ್ರೇ), ನಮ್ಮಲ್ಲಿ ಮನೆ ಬೇರೆ, ಅಂಗಡಿ ಬೇರೆ ಅಂತಿಲ್ಲ" ಎಂದರು ಹಾಜ್. ಕಿರಿಯ ತಮ್ಮ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ನಾನು ಹಟ ಬಿಡಲಿಲ್ಲ.

ಉದ್ರಿ ವಿಷಯದಲ್ಲಿ ಮಾತ್ರ ಅವರೇ ನನಗೆ ಗುರು. ಮಾರುಕಟ್ಟೆಯ ಹೆಂಗಸರು ಬೆಳಿಗ್ಗೆ ಸರಕು ಒಯ್ದು, ಮಾರಿದ ಮೇಲೆ ಹಣ ತರುತ್ತಿದ್ದರು. ಹಳೆಯ ಬಾಕಿಯಲ್ಲಿ ಅರ್ಧ ತೀರಿಸದೆ ಹೊಸ ಸರಕಿಲ್ಲ; ಆದರೆ ಹೆರಿಗೆಯೋ ಸಾವೋ ಆದ ಮನೆಗೆ ಆ ವಾರ ವಸೂಲಿಗೆ ಹೋಗುವಂತಿಲ್ಲ. ಇದು ಹಾಜ್ ಅವರ ತಂದೆಯ ಕಾಲದ ಕಟ್ಟಳೆ.

1969ರಲ್ಲಿ ಘಾನಾ ಸರ್ಕಾರವು ಪರವಾನಗಿಯಿಲ್ಲದ ವಿದೇಶಿಯರಿಗೆ ಎರಡು ವಾರದೊಳಗೆ ದೇಶ ಬಿಡಲು ಆಜ್ಞೆ ಮಾಡಿತ್ತು. ಆಗ ಹುಡುಗರಾಗಿದ್ದ ಹಾಜ್ ಆ ದಿಗಿಲನ್ನು ಮರೆತಿರಲಿಲ್ಲ. ಅದಕ್ಕೇ ಉಳಿದ ಡಾಲರನ್ನೆಲ್ಲ ಲೆಬನಾನಿನ ರಾಜಧಾನಿ ಬೈರೂತಿನ ಬ್ಯಾಂಕೊಂದರಲ್ಲಿ ಇಟ್ಟಿದ್ದರು. ಅಲ್ಲಿ 1997ರಿಂದಲೂ ಡಾಲರಿಗೆ 1,507.5 ಲಿರಾ (ಅಲ್ಲಿನ ಹಣ) ಎಂಬ ದರ ಕದಲಿರಲಿಲ್ಲ. ಅದನ್ನೇ ಭದ್ರತೆಯೆಂದು ನಂಬಿದ್ದರು. 2019ರ ಅಕ್ಟೋಬರಿನಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದವು. ಮತ್ತೆ ತೆರೆದಾಗ ತಮ್ಮದೇ ಡಾಲರ್ ಕೈಗೆ ಸಿಗದಾಯಿತು. ಆ ಸಂಜೆ ಹಾಜ್ ಕಾಫಿ ಮುಟ್ಟಲಿಲ್ಲ. ನಾನೂ ಏನೂ ಹೇಳಲಾರದೆ ಕುಳಿತಿದ್ದೆ.

ಲೆಬನಾನಿನ ಊರಿನವರೆಲ್ಲ ಈಗ ಅಕ್ರಾದ ಕಡೆಗೇ ಕೈ ಚಾಚಿದರು. ಮನೆಯ ವಹಿ ಬೇರೆಯಿದ್ದುದರಿಂದ, ಕಾರ್ಖಾನೆಯ ಬಂಡವಾಳಕ್ಕೆ ಕೈ ಹಾಕದೆ ಎಷ್ಟು ಕಳುಹಿಸಬಹುದೆಂದು ಅಂದೇ ಲೆಕ್ಕ ತೆಗೆದು ತೋರಿಸಿದೆ. ಮನೆ ಕಟ್ಟುವುದು ನಿಂತಿತು. ಹುಡುಗಿಯ ಓದು ನಿಲ್ಲಲಿಲ್ಲ.

2022ರಲ್ಲಿ ಘಾನಾದ ಹಣವಾದ ಸೇಡಿ ಕುಸಿಯಿತು. ವರ್ಷದ ಆರಂಭದಲ್ಲಿ ಡಾಲರಿಗೆ ಸುಮಾರು 6 ಸೇಡಿ ಇದ್ದದ್ದು ನವೆಂಬರಿನಲ್ಲಿ 13 ದಾಟಿತು. ಬಕೆಟಿನ ಬೆಲೆಯನ್ನು ಕೊಂಡ ಕಾಳಿನ ದರದಿಂದಲ್ಲ, ಮುಂದೆ ಕೊಳ್ಳಬೇಕಾದ ಕಾಳಿನ ದರದಿಂದ ಕಟ್ಟತೊಡಗಿದೆವು. ಪ್ರತಿ ಸೋಮವಾರ ಹೊಸ ಬೆಲೆಪಟ್ಟಿ. ಉದ್ರಿಯ ವಾಯಿದೆ ಒಂದೇ ವಾರ. ಹೆಂಗಸರು ಮುನಿದರು, ಆದರೆ ಬಿಟ್ಟುಹೋಗಲಿಲ್ಲ. ನಗದು ಸೇರಿದ ಮರುದಿನವೇ ಕಾಳು ಕೊಳ್ಳುತ್ತಿದ್ದೆವು.

ಓದು ಮುಗಿಸಿದ ಆ ಹುಡುಗಿ ಈಗ ಅಕ್ರಾದಲ್ಲಿ ನನ್ನ ಎದುರಿನ ಮೇಜಿನಲ್ಲಿ ಕುಳಿತು ಮನೆಯ ವಹಿ ಬರೆಯುತ್ತಾಳೆ.