ಖಗ್ರಾಸ ಗ್ರಹಣ ನೋಡಲು ಹೊರಟರೆ

1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣ ನಮ್ಮ ಹುಬ್ಬಳ್ಳಿಯ ಮೇಲೇ ಹಾದುಹೋಯಿತು. ನನಗೆ ಆಗ ಒಂಬತ್ತು ವರ್ಷ, ತಮ್ಮನಿಗೆ ಐದು. ಊರ ಹತ್ತಿರವೇ ವಿಜ್ಞಾನಿಗಳು ದುರ್ಬೀನು ಹೂಡಿ ಕೂತಿದ್ದರು. ನಮ್ಮ ಅಜ್ಜಿ ಮಾತ್ರ ಕಿಟಕಿಗೆ ಕಂಬಳಿ ಹೊದಿಸಿ, ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟು, ನಮ್ಮಿಬ್ಬರನ್ನೂ ದೇವರ ಮನೆಯಲ್ಲಿ ಕೂರಿಸಿಕೊಂಡಿದ್ದರು. ಹಿತ್ತಲಲ್ಲಿ ಕಟ್ಟಿದ್ದ ಆಕಳು ಒಮ್ಮೆ ಕೂಗಿದ್ದು ಕೇಳಿಸಿತು. ನನ್ನ ಪಾಲಿಗೆ ಬಂದ ಗ್ರಹಣ ಅಷ್ಟೇ. ಒಂದೇ ಊರಿಗೆ ಇದು ಮತ್ತೆ ಬರಲು ಸರಾಸರಿ 375 ವರ್ಷ ಬೇಕು ಅಂತ ದೊಡ್ಡವಳಾದ ಮೇಲೆ ಓದಿದೆ. ಅಂದರೆ ಅದು ನಮ್ಮೂರಿಗೆ ಬರಲಿ ಅಂತ ಕಾಯುವ ಹಾಗಿಲ್ಲ, ನಾವೇ ಹೋಗಬೇಕು.

ಹೋದೆ. 2024ರ ಏಪ್ರಿಲ್ 8ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್‌ಗೆ. ಜೊತೆಗಿದ್ದವನು ಅದೇ ತಮ್ಮ. ಆ ದಿನ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಕ್ಷೆ ನೋಡಿ. ಚಂದ್ರನ ಗಾಢ ನೆರಳು ಭೂಮಿಯ ಮೇಲೆ ಒಂದು ಪಟ್ಟಿಯ ಹಾಗೆ ಓಡುತ್ತದೆ. 2024ರಲ್ಲಿ ಆ ಪಟ್ಟಿಯ ಅಗಲ ಇನ್ನೂರು ಕಿಲೋಮೀಟರ್‌ಗೂ ಕಡಿಮೆ ಇತ್ತು. ಅದರ ಒಳಗೆ ನಿಂತರೆ ಮಾತ್ರ ಖಗ್ರಾಸ. ತಮ್ಮನ ಮನೆ ಇರುವುದು ಶಿಕಾಗೊ ಹತ್ತಿರ. ಅಲ್ಲಿ ಸೂರ್ಯನ ನೂರರಲ್ಲಿ ಸುಮಾರು 94 ಭಾಗ ಮುಚ್ಚುತ್ತಿತ್ತು. 'ಇಷ್ಟು ಸಾಕಲ್ವಾ' ಅಂತ ಪಕ್ಕದ ಮನೆಯವರು ಅಲ್ಲೇ ಉಳಿದರು. ಮೋಡ ಕವಿದ ಸಂಜೆಯ ಹಾಗಿತ್ತು ಅಂತ ಆಮೇಲೆ ಹೇಳಿದರು. 99 ಭಾಗ ಮುಚ್ಚಿದರೂ ಕತ್ತಲಾಗುವುದಿಲ್ಲ, ಸೂರ್ಯನ ಸುತ್ತ ಹರಡಿರುವ ಪ್ರಭೆ, ಅಂದರೆ ಕರೋನಾ, ಕಾಣುವುದಿಲ್ಲ. ದಯವಿಟ್ಟು ಆ ಕೊನೆಯ ಒಂದು ಭಾಗಕ್ಕಾಗಿ ಪ್ರಯಾಣ ಮಾಡಿ. ಪಟ್ಟಿಯ ಅಂಚಿಗಿಂತ ನಡುವಿನ ಗೆರೆಯ ಹತ್ತಿರ ನಿಂತರೆ ಕತ್ತಲು ಜಾಸ್ತಿ ಹೊತ್ತು ಸಿಗುತ್ತದೆ. ಬ್ಲೂಮಿಂಗ್ಟನ್‌ನಲ್ಲಿ ನಮಗೆ ನಾಲ್ಕು ನಿಮಿಷ ಸಿಕ್ಕಿತು.

ರೂಮನ್ನು ವರ್ಷದ ಮೊದಲೇ ಹಿಡಿಯಿರಿ. ನಾವೂ ಹಿಡಿದಿದ್ದೆವು, ಆದರೆ ತಿಂಗಳಿರುವಾಗ ಹೋಟೆಲಿನವರೇ ಬುಕಿಂಗ್ ರದ್ದು ಮಾಡಿದರು. ಅದಕ್ಕೇ ಹೇಳುತ್ತೇನೆ, ನಡುವೆ ಒಂದೆರಡು ಸಲ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ಚಿಂತೆ ಮೋಡದ್ದು. ಎರಡು ದಿಕ್ಕಿನಲ್ಲಿ ಎರಡು ಜಾಗ ಗೊತ್ತು ಮಾಡಿಕೊಳ್ಳಿ. ನಮ್ಮ ಎರಡನೆಯ ಜಾಗ ಇಲಿನಾಯ್‌ನ ಕಾರ್ಬನ್‌ಡೇಲ್. 2017ರ ಗ್ರಹಣದ ಪಟ್ಟಿಯೂ 2024ರದ್ದೂ ಆ ಊರಿನ ಮೇಲೇ ಹಾದವು, ಎಂಥ ಪುಣ್ಯದ ಊರು! ಮೂರು ದಿನ ಮೊದಲಿಂದ ಮೋಡದ ಮುನ್ಸೂಚನೆ ನೋಡುತ್ತಾ ಹೋಗಿ, ಹಿಂದಿನ ರಾತ್ರಿ ತೀರ್ಮಾನ ಮಾಡಿ. ಗಡಿಯಾರದ ಬಗ್ಗೆಯೂ ಎಚ್ಚರ ಬೇಕು. ಶಿಕಾಗೊಗಿಂತ ಬ್ಲೂಮಿಂಗ್ಟನ್ ಒಂದು ಗಂಟೆ ಮುಂದಿದೆ. ನಾವು ಅದನ್ನು ಲೆಕ್ಕ ಹಾಕಿಕೊಂಡೇ ಬೆಳಗಿನ ನಾಲ್ಕಕ್ಕೆ ಹೊರಟೆವು.

ಕಣ್ಣಿಗೆ ಐಎಸ್ಒ 12312-2 ಅಂತ ಮುದ್ರೆ ಇರುವ ಗ್ರಹಣದ ಕನ್ನಡಕವೇ ಬೇಕು, ನಂಬಿಕೆಯ ಅಂಗಡಿಯಿಂದಲೇ ತನ್ನಿ. ಎಕ್ಸ್‌ರೇ ಫಿಲ್ಮ್ ಬೇಡ, ಕೂಲಿಂಗ್ ಗ್ಲಾಸ್ ಬೇಡ. ನಮ್ಮ ಕಡೆ ಸೆಗಣಿ ನೀರಿನ ಬೋಗುಣಿಯಲ್ಲಿ ಬಿಂಬ ನೋಡುತ್ತಾರೆ, ಅದೂ ಬೇಡ. ಬೂಂದಿ ಕರಿಯುವ ತೂತಿನ ಸೌಟು ಮಾತ್ರ ತಪ್ಪದೆ ಇಟ್ಟುಕೊಳ್ಳಿ. ಸೂರ್ಯನಿಗೆ ಬೆನ್ನು ಹಾಕಿ ಬಿಳಿ ಹಾಳೆಯ ಮೇಲೆ ಅದರ ನೆರಳು ಬೀಳಿಸಿದರೆ ಒಂದೊಂದು ತೂತಿನಿಂದಲೂ ಒಂದೊಂದು ಪುಟ್ಟ ಸೂರ್ಯ ಬೀಳುತ್ತಾನೆ, ಎಲ್ಲರೂ ಕಚ್ಚಿದ ಬಿಸ್ಕತ್ತಿನ ಹಾಗೆ. ಪಾರ್ಕಿನಲ್ಲಿದ್ದ ಮಕ್ಕಳೆಲ್ಲ ನನ್ನ ಸೌಟಿನ ಸುತ್ತ ಬಂದು ಕೂತರು.

ಬುತ್ತಿ, ನೀರು, ಚಾಪೆ, ಒಂದು ಸ್ವೆಟರ್ ಇರಲಿ. ಕಾರಿಗೆ ಪೆಟ್ರೋಲ್ ಮೊದಲೇ ತುಂಬಿಸಿ.

ಗ್ರಹಣ ಹಿಡಿದದ್ದು ಒಂದೂ ಮುಕ್ಕಾಲರ ಹೊತ್ತಿಗೆ. ಮೊದಲ ಒಂದು ಗಂಟೆ ನಿಧಾನ. ಆರಾಮಾಗಿ ಊಟ ಮಾಡಿ. ಕೊನೆಯ ಹದಿನೈದು ನಿಮಿಷ ಮಾತ್ರ ಎಲ್ಲಿಗೂ ಏಳಬೇಡಿ. ಬೆಳಕು ಕಡಿಮೆಯಾಗುವ ರೀತಿಯೇ ಬೇರೆ. ಸಂಜೆಯ ಕೆಂಪು ಇಲ್ಲ, ಬಣ್ಣವೆಲ್ಲ ಬತ್ತಿದ ಹಾಗೆ. ಗಾಳಿ ತಣ್ಣಗಾಯಿತು, ಸ್ವೆಟರ್ ಹಾಕಿಕೊಂಡೆ. ಮೂರು ಗಂಟೆ ದಾಟಿ ಐದು ನಿಮಿಷಕ್ಕೆ ಉಂಗುರದಲ್ಲಿ ವಜ್ರ ಹೊಳೆದ ಹಾಗೆ ಒಂದು ಹೊಳಪು, ಮರುಕ್ಷಣ ಅದೂ ಇಲ್ಲ. ಕನ್ನಡಕದಲ್ಲಿ ಬರೀ ಕಪ್ಪು.

"ಅಕ್ಕಾ, ಕನ್ನಡಕ ತಗಿ, ಬರೇ ಕಣ್ಣಿಲೆ ನೋಡು!" ತಮ್ಮ ಕೂಗಿದ.

ಇದನ್ನು ಮರೆಯಬೇಡಿ. ಸೂರ್ಯ ಪೂರ್ತಿ ಮುಚ್ಚಿದಾಗ ಕನ್ನಡಕ ತೆಗೆಯಲೇಬೇಕು, ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಆ ಹೊತ್ತಲ್ಲಿ ಬರಿಗಣ್ಣಿಗೆ ಅಪಾಯವಿಲ್ಲ. ಕಪ್ಪು ತಟ್ಟೆಯ ಸುತ್ತ ಬೆಳ್ಳಿ ಎಳೆಗಳಂಥ ಕರೋನಾ. ಕೆಳ ಅಂಚಿನಲ್ಲಿ ಕುಂಕುಮದ ಚುಕ್ಕೆಯಷ್ಟು ಒಂದು ಕೆಂಪು, ಸೂರ್ಯನಿಂದ ಚಿಮ್ಮಿದ ಜ್ವಾಲೆ ಅದು. ಕೆಳಗೆ ಬಲಕ್ಕೆ ಶುಕ್ರ, ಮೇಲೆ ಎಡಕ್ಕೆ ಗುರು. ಒಂದು ಸಲ ಸುತ್ತಲೂ ತಿರುಗಿ ನೋಡಿ, ನಾಲ್ಕೂ ದಿಕ್ಕಿನ ಅಂಚಿನಲ್ಲಿ ಸೂರ್ಯಾಸ್ತದ ಬಣ್ಣ ಇರುತ್ತದೆ. ಫೋಟೊ ಗೊಡವೆ ಬೇಡ. ತಮ್ಮ ಫೋನನ್ನು ನಮ್ಮ ಕಡೆಗೆ ತಿರುಗಿಸಿ ವಿಡಿಯೊ ಇಟ್ಟಿದ್ದ. ಆಕಾಶದ ಚಿತ್ರ ಎಲ್ಲೆಡೆ ಸಿಗುತ್ತದೆ, ನಾನು ಅಳುತ್ತಾ ಅಜ್ಜಿಯನ್ನು ಕರೆದ ದನಿ ಅದರಲ್ಲಿ ಮಾತ್ರ ಇದೆ. ಅಂಚಿನಲ್ಲಿ ಮತ್ತೆ ಬೆಳಕು ಚಿಮ್ಮಿದ ತಕ್ಷಣ ಕನ್ನಡಕ ಹಾಕಿಕೊಳ್ಳಿ.

ಕೂಡಲೇ ಕಾರು ಹತ್ತಬೇಡಿ. ನಾವು ಹತ್ತಿದೆವು. ನಾಲ್ಕೂವರೆ ಗಂಟೆಯ ದಾರಿಗೆ ಒಂಬತ್ತು ಗಂಟೆ ಹಿಡಿಯಿತು. ರಾತ್ರಿ ಅಲ್ಲೇ ಉಳಿಯುವುದು ಲೇಸು. ಮನೆಗೆ ಬಂದು ನಡುರಾತ್ರಿ ತಲೆಸ್ನಾನ ಮಾಡಿದೆ, ಅಜ್ಜಿಯ ಪದ್ಧತಿ.

2027ರ ಆಗಸ್ಟ್ 2ರ ಗ್ರಹಣ ದಕ್ಷಿಣ ಸ್ಪೇನ್, ಮೊರಾಕ್ಕೊ, ಈಜಿಪ್ಟ್, ಸೌದಿ ಅರೇಬಿಯಾ ಮೇಲೆ ಹೋಗುತ್ತದೆ. ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಜಾಸ್ತಿ ಕತ್ತಲು, ಮೋಡದ ಭಯವೂ ತೀರ ಕಡಿಮೆ. ನಮಗೆ ವೀಸಾ ಬೇಕು. ಬಿಸಿಲು 40 ಡಿಗ್ರಿ ದಾಟುತ್ತದೆ. ಛತ್ರಿ, ಓಆರ್‌ಎಸ್ ಇರಲಿ. 2028ರ ಜುಲೈ 22ರದ್ದು ಸಿಡ್ನಿಯ ಮೇಲೆ ಹೋಗುತ್ತದೆ. ಅಲ್ಲಿ ನೆಂಟರಿದ್ದರೆ ಖರ್ಚು ಉಳಿಯುತ್ತದೆ. ಇಷ್ಟು ದೂರ ಆಗದವರಿಗೆ 2034ರ ಮಾರ್ಚ್ 20ರಂದು ಲಡಾಖ್ ಕಡೆ ಇದೆ.

ನಾವು ಲಕ್ಸರ್‌ಗೆ ಅಂತ ಗಟ್ಟಿ ಮಾಡಿದ್ದೇವೆ. ಅಲ್ಲಿ ಗ್ರಹಣದ ಹೊತ್ತಿಗೆ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಕುರ್ಚಿಯಲ್ಲಿ ಕೂತರೆ ಕತ್ತು ನೋಯುತ್ತದೆ. ಮಲಗಿ ನೋಡಲು ಎರಡು ಚಾಪೆ ಬೇಕು ಅಂತ ಪಟ್ಟಿಯಲ್ಲಿ ಮೊದಲೇ ಬರೆದಿಟ್ಟಿದ್ದೇನೆ.