ಪಾರ್ಕರ್ ಫ್ಲೈ ಮೇಲೆ ತೋಡಿಯ ಗಾಂಧಾರ

ಪಾರ್ಕರ್ ಫ್ಲೈ ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡವರೆಲ್ಲ ಮೊದಲು ಕೇಳುವುದು ಒಂದೇ: ‘ಇಷ್ಟು ಹಗುರಾನಾ?’ ಹೌದು, ಸುಮಾರು 2.3 ಕೆಜಿ. ಭಾರದ ಲೆಸ್ ಪಾಲ್ ಗಿಟಾರ್ ಹೆಗಲಿಗೇರಿಸಿ ಇಡೀ ಕಾರ್ಯಕ್ರಮ ನಿಂತವರಿಗೆ ಇದರ ಸುಖ ಗೊತ್ತು. ಆದರೆ ಅಷ್ಟು ದುಡ್ಡು ಸುರಿದು, ಮೇಲೆ ಕಸ್ಟಮ್ಸ್ ಸುಂಕವನ್ನೂ ಕಟ್ಟಿ ನಾನು ಇದನ್ನು ತರಿಸಿಕೊಂಡದ್ದು ಬೆರಳಿಡುವ ಪಟ್ಟಿಯ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಿಗಾಗಿ. ನನಗೆ ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವ ಹುಚ್ಚು.

ಕೆನ್ ಪಾರ್ಕರ್ ಮತ್ತು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸಾಧನ) ತಜ್ಞ ಲ್ಯಾರಿ ಫಿಶ್‌ಮನ್ 1993ರಲ್ಲಿ ಅಮೆರಿಕದಲ್ಲಿ ಹೊರತಂದ ಗಿಟಾರ್ ಇದು. ನನ್ನದು ಹಳೆಯ ಫ್ಲೈ ಡಿಲಕ್ಸ್, ಸೆಕೆಂಡ್ ಹ್ಯಾಂಡ್. ಬಾಡಿ ಪಾಪ್ಲರ್, ನೆಕ್ ಬಾಸ್‌ವುಡ್. ಎರಡೂ ಹಗುರ, ಮೆದು ಮರ. ಬಿಗಿಯೆಲ್ಲ ಹಿಂಬದಿಗೆ ಹೊದಿಸಿದ ಕಾರ್ಬನ್ ಮತ್ತು ಗಾಜಿನ ನಾರಿನ ತೆಳು ಚಿಪ್ಪಿನದು. ಫಿಂಗರ್‌ಬೋರ್ಡೂ ಅದೇ ಜಾತಿ; ಅದರ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್‌ಗಳನ್ನು ಹೊಡೆದು ಕೂರಿಸಿಲ್ಲ, ಅಂಟಿಸಿದ್ದಾರೆ.

ತೋಡಿ ರಾಗದ ಗಾಂಧಾರ ನೇರ ನಿಲ್ಲುವ ಸ್ವರವಲ್ಲ, ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗಬೇಕು. ನಾನು ರಿಷಭದ ಫ್ರೆಟ್‌ನಲ್ಲೇ ಬೆರಳಿಟ್ಟು, ವೀಣೆಯವರ ಹಾಗೆ ತಂತಿಯನ್ನು ಅಡ್ಡಕ್ಕೆ ಎಳೆಯುತ್ತೇನೆ. ಮಾಮೂಲಿ ನಿಕಲ್ ಫ್ರೆಟ್‌ನಲ್ಲಿ ದಿನವೂ ಹೀಗೆ ಎಳೆದರೆ ಫ್ರೆಟ್ ಸವೆದು ಗುಳಿ ಬೀಳುತ್ತದೆ, ತಂತಿ ಕರಕರ ಅನ್ನುತ್ತದೆ. ಇಲ್ಲಿ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಬೋರ್ಡಿನ ಬಾಗಿನ ತ್ರಿಜ್ಯ ಕೂಡ ನಟ್ ಕಡೆ, ಅಂದರೆ ತಲೆಯ ಕಡೆ, 10 ಇಂಚು, ಬಾಡಿ ಕಡೆ 13 ಇಂಚು. ಮೇಲೆ ಹೋದಂತೆ ಚಪ್ಪಟೆ. ಹಾಗಾಗಿ ತಾರಸ್ಥಾಯಿಯಲ್ಲಿ ಎಷ್ಟು ಎಳೆದರೂ ನಾದ ಉಸಿರುಗಟ್ಟುವುದಿಲ್ಲ. 09 ಗೇಜಿನ ತಂತಿ ಹಾಕಿದ್ದೇನೆ, ಅಂದರೆ ಅತಿ ತೆಳುವಾದದ್ದು 0.009 ಇಂಚು. ದಪ್ಪ ತಂತಿಯಲ್ಲಿ ಮಧ್ಯಮ ಮುಟ್ಟುವಷ್ಟರಲ್ಲಿ ಬೆರಳು ಕೈಕೊಡುತ್ತದೆ.

ನಿಜವಾದ ಆಟ ಇದ್ದದ್ದು ವೈಬ್ರಾಟೋದಲ್ಲಿ, ಅಂದರೆ ಕಡ್ಡಿ ಒತ್ತಿ ಬ್ರಿಜ್ ಅಲುಗಿಸಿ ಸ್ವರ ಏರಿಳಿಸುವ ವ್ಯವಸ್ಥೆಯಲ್ಲಿ. ತಂತಿ ಹಿಡಿದಿರುವ ಬ್ರಿಜ್ ಸ್ಪ್ರಿಂಗಿನ ಮೇಲೆ ತೇಲುತ್ತಿದ್ದರೆ ಒಂದು ತಂತಿ ಎಳೆದಾಗ ಉಳಿದವೆಲ್ಲ ಇಳಿಯುತ್ತವೆ. ಶ್ರುತಿಗೆಂದು ಮೀಟುವ ಮಂದ್ರದ ಸ-ಪ ಅಲ್ಲಿಗೇ ಕೆಟ್ಟವು. ಫ್ಲೈ ಹಿಂಬದಿಯ ಗೂಡಿನಲ್ಲಿ ಸ್ಟೆಪ್ ಸ್ಟಾಪ್ ಎಂಬ ಪುಟ್ಟ ಲೋಹದ ತುಂಡಿದೆ. ಅದನ್ನು ಕೂರಿಸಿ, ಸ್ಪ್ರಿಂಗಿನ ಬಿಗಿ ಹೊಂದಿಸುವ ಬ್ಯಾಲೆನ್ಸ್ ವೀಲನ್ನು ಬೆರಳಲ್ಲೇ ತಿರುಗಿಸಿ ಬಿಗಿ ಮಾಡಿದರೆ ಬ್ರಿಜ್ ಅಲುಗುವುದಿಲ್ಲ. ಸ್ಕ್ರೂಡ್ರೈವರ್ ಬೇಕಿಲ್ಲ. ಸಿನಿಮಾ ಹಾಡಿಗೆ ಕೂತಾಗ ಮತ್ತೆ ಸಡಿಲ.

ಬ್ರಿಜ್‌ನಲ್ಲಿ ಕೂತು ತಂತಿಯ ನಡುಕ ಹಿಡಿಯುವ ಪಿಯೆಜೋ ಪಿಕಪ್ ಬಗ್ಗೆ ಜನ ಹೊಗಳುವಷ್ಟು ನಾನು ಹೊಗಳಲಾರೆ. ಬ್ರಿಜ್‌ನಿಂದ ಬರುವ ಆ ದನಿಗೆ ಮೀಟಿನ ಟಕ್ ಜಾಸ್ತಿ. ಮಿಕ್ಸರ್‌ನಲ್ಲಿ ಮೇಲಿನ ಮಿಡ್ಸ್ (ನಡುವಿನ ಆವರ್ತನಗಳ ಮೇಲ್ಭಾಗ) ಇಳಿಸದಿದ್ದರೆ ಕಿವಿ ಚುಚ್ಚುತ್ತದೆ. ಸ್ಟೀರಿಯೋ ಕೇಬಲ್ ಹಾಕಿ, ಡಿಮಾರ್ಜಿಯೋ ಕಂಪನಿಯ ಮ್ಯಾಗ್ನೆಟಿಕ್ ಪಿಕಪ್‌ನ ದನಿಯನ್ನು ಆಂಪ್‌ಗೂ ಪಿಯೆಜೋವನ್ನು ನೇರ ಮಿಕ್ಸರ್‌ಗೂ ಬಿಟ್ಟು, ಎರಡನೆಯದನ್ನು ಉಪ್ಪಿನಷ್ಟೇ ಬೆರೆಸಿದರೆ ಮಾತ್ರ ತಂತಿಯ ಮೇಲಿನ ಬೆರಳು ಕೇಳಿಸುತ್ತದೆ.

ಗಿಟಾರಿನ ತಲೆ ಎಷ್ಟು ಸಪೂರವೆಂದರೆ ಗೋಡೆಯ ಹ್ಯಾಂಗರ್‌ನಲ್ಲಿ ನಿಲ್ಲದೆ ಜಾರಿಬಿಡುತ್ತದೆ. ಹಾಗಾಗಿ ಕೇಸೇ ಗತಿ. ಅಂಟಿಸಿದ ಫ್ರೆಟ್ ಎದ್ದರೆ ಸುತ್ತಿಗೆ ಹಿಡಿದು ಬರುವವರ ಕೈಗೆ ಕೊಡಬೇಡಿ. ಕಂಪನಿ ತಯಾರಿ ನಿಲ್ಲಿಸಿದೆ, ಬಿಡಿಭಾಗ ಸಿಕ್ಕರೆ ಪುಣ್ಯ. ಹಳೆಯ ಫ್ಲೈ ಕೊಳ್ಳುವವರು ಬಣ್ಣ ನೋಡುವ ಮೊದಲು ಹಿಂದಿನ ಮುಚ್ಚಳ ತೆಗೆಸಿ, ಒಳಗಿನ ಚಪ್ಪಟೆ ಸ್ಪ್ರಿಂಗ್ ಯಾವ ಗೇಜಿನ ತಂತಿಗೆ ಹೊಂದುವಂಥದ್ದು, ಜೊತೆಗೆ ಬೇರೆ ಸ್ಪ್ರಿಂಗ್ ಕೊಡುತ್ತಾರಾ ಕೇಳಿ.